ಸಂಜೆ ಬಿಸಿಲಿನ ರೋಲು

ಡಾರ್ಕ್‌ರೂಮಿನ ನೆಲದ ಮೇಲೆ ಸ್ಟುಡಿಯೊದ ಕೆಲಸದವ ಶಾಂತಪ್ಪ ಬೋರಲಾಗಿ ಬಿದ್ದಿದ್ದ. ತಲೆ ಒಡೆದಿತ್ತು. ಪಕ್ಕದಲ್ಲಿ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡು. ಅದರ ಒಂದು ಕಾಲಿಗೆ ರಕ್ತ ಮೆತ್ತಿತ್ತು. ಕೆಂಪು ಬಲ್ಬು ಇನ್ನೂ ಉರಿಯುತ್ತಿತ್ತು.

ಸೊಲ್ಲಾಪುರ ರಸ್ತೆಯ ಆ ಸ್ಟುಡಿಯೊದ ಮಾಲೀಕ ಶಿವಯೋಗೆಪ್ಪ ಹೊರಗಿನ ಬೆಂಚಿನ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದ. ಹೆಗಲಿಗೆ ಕ್ಯಾಮೆರಾ. ಹಿಂದಿನ ಗೋಡೆಯಲ್ಲಿ ಮುಂಬಯಿಯಲ್ಲಿ ಪದಕ ಗೆದ್ದ ಬಣ್ಣದ ಚಿತ್ರ: ಇಳಿಬಿಸಿಲಿನಲ್ಲಿ ಕುಸುಬಿ ಹೊಲ. ಕೆಳಗೆ ದಪ್ಪ ಅಕ್ಷರದಲ್ಲಿ ಅವನ ಹೆಸರು. ಆ ಪದಕ ಬಂದ 1963ರಿಂದ ವಿಜಾಪುರದ ದೊಡ್ಡ ಮನುಷ್ಯರೆಲ್ಲ ಅವನನ್ನು ಕಲಾವಿದರೇ ಎಂದು ಕರೆಯುತ್ತಿದ್ದರು.

"ಎಲ್ಲಿ ಹೋಗಿದ್ರಿ?" ಫೌಜದಾರ ಬಸಲಿಂಗಯ್ಯ ಕೇಳಿದ.

"ಬಿಜ್ಜರಗಿಗಿ, ಸಾಹೇಬ್ರ. ಸಂಜಿ ಬಿಸಲಿನ ಫೋಟೊ ತಗ್ಯಾಕ. ಮಧ್ಯಾಹ್ನ ಊಟಾ ಮಾಡಿ ಹೋದಾಂವ ಈಗ ಬಂದೀನಿ. ಬಾಗಲಾ ತಗದಿತ್ತು."

"ಯಾರರ ನೋಡ್ಯಾರೇನು?"

"ಬಯಲಾಗ ಯಾರ ನೋಡ್ತಾರ್ರಿ? ಕ್ಯಾಮೆರಾದಾಗ ಕಲರ್ ರೋಲ್ ಐತಿ. ಕಲರ್ ಇಲ್ಲಿ ತೊಳ್ಯಾಕಾಗೂದಿಲ್ಲ, ಮುಂಬಯಿಗಿ ಕಳಿಸಿ ತೊಳಸ್ರಿ. ಇವತ್ತಿನ ಸಂಜಿ ಬಿಸಲು ಅದರಾಗ ಐತಿ."

ಬಸಲಿಂಗಯ್ಯ ರೋಲನ್ನು ಜಪ್ತಿ ಮಾಡಿ, ಅರಗಿನ ಮುದ್ರೆ ಒತ್ತಿಸಿ ಮುಂಬಯಿಗೆ ಕಳಿಸಿದ.

* * *

ಪಕ್ಕದ ಸೈಕಲ್ ಅಂಗಡಿಯ ಅಲ್ಲಾಉದ್ದೀನ ಆ ದಿನ ಸಂಜೆ ಶಾಂತಪ್ಪನ ಜೊತೆ ಚಹಾ ಕುಡಿದಿದ್ದ. ಕತ್ತಲಾದರೂ ಸ್ಟುಡಿಯೊದ ಹೊರಗಿನ ದೀಪ ಹತ್ತಿರಲಿಲ್ಲ. ಅಂದರೆ ಕೊಲೆ ಆದದ್ದು ಚಹಾದ ನಂತರ, ದೀಪ ಹಚ್ಚುವ ಮೊದಲು.

"ಅದಕ್ಕೂ ಮೊದಲ ಶಾಂತಪ್ಪನ ಅಣ್ಣ ಸಾಬಣ್ಣ ಬಂದಿದ್ರಿ," ಎಂದ. "ಭಾಳ ಒದರ‍್ಯಾಡಿ ಹೋದ್ರಿ."

ಸಾಬಣ್ಣ ಕಲ್ಲು ಒಡೆಯುವ ಕೂಲಿ. ಪೊಲೀಸರು ಅವನನ್ನು ಎಳೆದು ತಂದರು.

"ಬೈದಿದ್ದು ಖರೇರಿ," ಎಂದ ಅವನು. "ಫೋಟೊ ತಗ್ಯಾಂವ ನೀನು, ಹೆಸರು ಮಾಲಕಂದು. ನಾಚಿಕಿ ಇಲ್ಲೇನು, ಹೋಗಿ ಕೇಳು ಅಂದೆ. ಇವತ್ತ ಕೇಳ್ತೀನಣ್ಣಾ ಅಂದ್ರಿ."

ಪೊಲೀಸರು ಗೊಳ್ಳೆಂದು ನಕ್ಕರು. ಕೂಲಿಯವನ ತಮ್ಮನಿಗೆ ಮುಂಬಯಿಯ ಪದಕವೇ! ತಮ್ಮನ ಮಾನಕ್ಕಾಗಿ ಕೂಗಾಡಿದವನು, ಸಂಜೆ ತಿರುಗಿ ಬಂದು ತಮ್ಮನನ್ನು ಕೊಂದವನಾಗಿಬಿಟ್ಟ. ಲಾಕಪ್ಪಿನಲ್ಲಿ ಅವನಿಗೆ ಬಿದ್ದ ಏಟುಗಳನ್ನು ಬರೆಯಲು ಹೇಸಿಗೆಯಾಗುತ್ತದೆ. ಬಸಲಿಂಗಯ್ಯ ಆಗ ಬಿಜ್ಜರಗಿಯ ದಾರಿಯ ತಿಕೋಟಾದಲ್ಲಿ ವಿಚಾರಿಸುತ್ತಿದ್ದ. ಕೊಲೆಯ ದಿನ ಅಲ್ಲಿ ಸಂತೆ. ಬಿಜ್ಜರಗಿಯ ಕಡೆಗೆ ಶಿವಯೋಗೆಪ್ಪನ ಮೋಟಾರ್ ಸೈಕಲ್ ಹೋಯಿತೋ ಇಲ್ಲವೋ, ಆ ಗದ್ದಲದಲ್ಲಿ ಯಾರೂ ಗಮನಿಸಿರಲಿಲ್ಲ.

ಉಳಿದದ್ದು ರೋಲು ಮಾತ್ರ. ಸಾಬಣ್ಣನ ಕುತ್ತಿಗೆ ಅದಕ್ಕೇ ನೇತುಬಿದ್ದಿತ್ತು.

* * *

ಕೆಲವು ವಾರಗಳ ನಂತರ ರೋಲು ತೊಳೆದು ಬಂತು. ಬಸಲಿಂಗಯ್ಯ ಶಿವಯೋಗೆಪ್ಪನನ್ನು ಠಾಣೆಗೆ ಕರೆಸಿ, ಬಣ್ಣದ ಸ್ಲೈಡುಗಳನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದ.

ಎಲ್ಲದರಲ್ಲೂ ಒಂದೇ ಹೊಲ. ಹೊಲದ ತುಂಬ ನೀಲಿ ಹೂವು. ಮೇಲೆ ಹೊಂಬಣ್ಣದ ಬಿಸಿಲು. ಕೊನೆಯ ಸ್ಲೈಡಿನಲ್ಲಿ ಹೂವಿನ ಮೇಲೆ ಎರಡು ಉದ್ದನೆಯ ನೆರಳು: ಸ್ಟ್ಯಾಂಡಿನ ಹಿಂದೆ ಬಾಗಿದ ಗಂಡಸು, ಪಕ್ಕದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತ ಹೆಂಗಸು.

ಶಿವಯೋಗೆಪ್ಪನ ಮುಖ ಅರಳಿತು. "ನೋಡ್ರಿ! ಬಿಸಲು ಹೆಂಗ ಬಂಗಾರದಂಗ ಬಿದ್ದೈತಿ!"

"ಎಷ್ಟೊತ್ತಿಗಿ ತಗದದ್ದು?"

"ಹೊತ್ತು ಮುಳಗೂ ಮುಂದ. ನೆರಳು ನೋಡ್ರಿ, ಎಷ್ಟುದ್ದ ಅದಾವು."

"ಈಕಿ ಯಾರು?"

"ಯಾರೋ ಹೊಲದಾಕಿ. ಬಂದು ನಿಂತಿದ್ಲು."

"ಇದು ಯಾವ ಹೂವು, ಶಿವಯೋಗೆಪ್ಪನವ್ರ?"

ಅವನು ತಡವರಿಸಿದ. "ಯಾವುದೋ... ನೀಲಿ ಹೂವು."

"ಅಗಸಿ ರೀ. ನೀವು ಅದರ ಚಟ್ನಿ ತಿಂದೀರಿ, ಹೊಲಾ ನೋಡಿಲ್ಲ. ನಾ ನಿಡೋಣಿ ಊರಾಗ ಅಗಸಿ ಹೊಲದಾಗ ಬೆಳದಾಂವ. ಈ ಹೂವು ಮುಂಜಾನಿ ಅರಳ್ತೈತಿ, ಮಧ್ಯಾಹ್ನಕ್ಕ ಉದರ್ತೈತಿ. ಸಂಜಿಗಿ ಹೊಲದಾಗ ನೀಲಿ ಅನ್ನೂದ ಇರೂದಿಲ್ಲ. ನೆರಳು ಮುಂಜಾನೆನೂ ಉದ್ದ ಇರ್ತಾವು."

ಬಸಲಿಂಗಯ್ಯ ಹೊರಗೆ ಕೂತಿದ್ದ ಶಾಂತಪ್ಪನ ಹೆಂಡತಿ ತಿಪ್ಪವ್ವನನ್ನು ಒಳಗೆ ಕರೆದು ಕೊನೆಯ ಸ್ಲೈಡು ತೋರಿಸಿದ.

ಅವಳು ನೋಡಿದಳು. ಸೆರಗು ಬಾಯಿಗೆ ಹೋಯಿತು.

"ನನ್ನ ನೆರಳ್ರೀ ಇದು. ಇದು ನಮ್ಮ ಮನಿಯವರದು. ಕೊಲಿ ಆದ ವಾರದಾಗ ನನ್ನ ತವರಿಗಿ, ಬಿಜ್ಜರಗಿಗಿ, ಹೋಗಿದ್ದಿವ್ರಿ. ಇವರು ಯಾವಾಗಲೂ ಸಂಜೀನ ಫೋಟೊ ತಗ್ಯಾವ್ರು. ಅಗಸಿ ಹೂವು ಬೇಕಂದ್ರ ಮುಂಜಾನಿ ಬರ‍್ರಿ ಅಂತ ನಾನ ಕರಕೊಂಡು ಹೋಗಿದ್ದೆ."

ಬಸಲಿಂಗಯ್ಯ ಶಿವಯೋಗೆಪ್ಪನ ಕಡೆ ತಿರುಗಿದ. "ಕ್ಯಾಮೆರಾದಾಗಿದ್ದದ್ದು ಶಾಂತಪ್ಪ ತಗದ ರೋಲು. ಬಿಜ್ಜರಗ್ಯಾಗ ತಗದೀನಿ ಅಂತ ಅವನ ನಿಮಗ ಹೇಳ್ಯಾನ. ಅಂವ ಸಂಜೀಗೇ ತಗೀತಾನ ಅಂತ ಕಣ್ಣ ಮುಚ್ಚಿ ನಂಬಿದ್ರಿ. ರೋಲಿನಾಗ ಏನೈತಿ ಅನ್ನೂದು ನಿಮಗೂ ಗೊತ್ತಿರಲಿಲ್ಲ. ಅವತ್ತ ನೀವು ಬಿಜ್ಜರಗಿಗಿ ಹೋಗೇ ಇಲ್ಲ. ಪದಕಾ ಕದ್ರಿ, ಹೆಸರು ಕೇಳಿದಾಂವನ ಕೊಂದ್ರಿ, ಪಾರಾಗಾಕೂ ಅವನ ಫೋಟೊನ ಬೇಕಾತು."

ಶಿವಯೋಗೆಪ್ಪ ಸಿಟ್ಟಿನಿಂದಲೇ ಬಾಯಿಬಿಟ್ಟ.

"ಮುಂದಿನ ಫೋಟೊಕ್ಕ ತನ್ನ ಹೆಸರು ಹಾಕು ಅಂದ್ರಿ. ಕ್ಯಾಮೆರಾ ನಂದು, ರೋಲು ನಂದು. ಅವನ ಜಾತಿ ಮಂದಿ ಹೆಸರು ಬರದ್ರ ಯಾರ ಮನ್ಯಾಗ ತೂಗ ಹಾಕ್ಕೋತಾರ್ರಿ? ಹಟಾ ಹಿಡದ. ಕೈಗಿ ಸ್ಟ್ಯಾಂಡು ಸಿಕ್ತು."

* * *

ಸಾಬಣ್ಣನನ್ನು ಬಿಟ್ಟರು. ಬಲಗೈಯ ಬೆರಳುಗಳು ಮಡಚುತ್ತಿರಲಿಲ್ಲ. ಇನ್ನು ಅವನು ಸುತ್ತಿಗೆ ಹಿಡಿಯುವಂತಿಲ್ಲ. ಯಾರೂ ಅವನ ಕ್ಷಮೆ ಕೇಳಲಿಲ್ಲ.

ತಿಪ್ಪವ್ವ ಮಾತ್ರ ಠಾಣೆಯ ಬಾಗಿಲಲ್ಲೇ ನಿಂತಿದ್ದಳು.

"ಆ ನೆರಳಿನ ಫೋಟೊ ಕೊಡ್ರಿ ಯಪ್ಪಾ. ಊರ ಮಂದೀದೆಲ್ಲಾ ತಗದ್ರು, ಇವರದೊಂದೂ ಮನ್ಯಾಗಿಲ್ಲ."

"ಕೋರ್ಟಿನ ಸಾಕ್ಷಿ ಅದು, ತಂಗಿ. ಕೊಡಾಕ ಬರೂದಿಲ್ಲ."

ಅವಳು ಸ್ಲೈಡಿನ ಡಬ್ಬಿಗೆ ಅಂಟಿಸಿದ್ದ ಜಪ್ತಿ ಚೀಟಿಯನ್ನು ನೋಡಿದಳು. ಅವಳಿಗೆ ಓದು ಬರುತ್ತಿರಲಿಲ್ಲ.

"ಇದರಾಗರ ಇವರ ಹೆಸರು ಐತೇನ್ರಿ?"

ಬಸಲಿಂಗಯ್ಯ ಚೀಟಿ ಓದಿದ. ಬಣ್ಣದ ರೋಲು, ಒಂದು. ಮಾಲೀಕರು, ಶಿವಯೋಗೆಪ್ಪ.

"ಐತಿ," ಎಂದ.