ಹಸುವಿನ ಬಗ್ಗೆ ಕೇಳಿದ ಡಾಕ್ಟರ್

"ನಿಮ್ಮನೇಲಿ ಯಾವ್ದಾದ್ರೂ ಹಸು ಕಂದು ಹಾಕಿತ್ತಾ?"

ಹುಲ್ಲಹಳ್ಳಿಯ ಮಂಚಮ್ಮನಿಗೆ ಎರಡು ತಿಂಗಳಿಂದ ಸಂಜೆಯಾದರೆ ಜ್ವರ, ಏಳಲಾಗದಷ್ಟು ಸೊಂಟನೋವು. ನಂಜನಗೂಡಿನ ಕ್ಲಿನಿಕ್ಕಿನಲ್ಲಿ ಡಾಕ್ಟರ್ ಹೇಮಲತಾ ಹೀಗೆ ಕೇಳಿದಾಗ ಮಗ ಮಧುಕುಮಾರನಿಗೆ ರೇಗಿಹೋಯಿತು.

"ಮೇಡಂ, ದನದ ಡಾಕ್ಟ್ರು ನಾನು. ನೀವು ನಮ್ಮಮ್ಮನ್ನ ನೋಡಿ."

ಅವಳ ಕಣ್ಣಂಚಿನಲ್ಲಿ ನಗು ಮಿಂಚಿತು. "ಇನ್ನೂ ಒಳ್ಳೇದಾಯ್ತು. ಉತ್ತರ ಹೇಳಿ."

ಮಂಚಮ್ಮನೇ ಹೇಳಿದರು. "ಯುಗಾದಿಗೆ ಮುಂಚೆ ಆಗಿತ್ತು ಕಣವ್ವ. ಇವ್ನು ಕ್ಯಾಂಪಿಗೋಗಿದ್ದ. ಸತ್ತ ಕರೂನ ನಾನೇ ಬರಿಗೈಲಿ ಎಳ್ದಾಕ್ದೆ."

ಮಧುವಿನ ಮುಖ ಬಿಳಿಚಿತು. ಬ್ರುಸೆಲ್ಲಾ! ದನದಿಂದ ಮನುಷ್ಯರಿಗೆ ಬರುವ ಆ ರೋಗದ ಬಗ್ಗೆ ಊರೂರಲ್ಲಿ ಭಾಷಣ ಮಾಡುತ್ತಿದ್ದವನಿಗೆ ಸ್ವಂತ ಮನೆಯಲ್ಲೇ ಅದು ಕಂಡಿರಲಿಲ್ಲ. ರಕ್ತಪರೀಕ್ಷೆ ಅದನ್ನೇ ಹೇಳಿತು.

"ತಲೆ ತಗ್ಗಿಸ್ಬೇಡಿ," ಎಂದಳು ಹೇಮಲತಾ. "ಈ ಥರ ಪ್ರಶ್ನೆ ಕೇಳೋದು ಕಲಿಯೋಕೇ ನಾನು ಹನ್ನೊಂದು ವರ್ಷ ಓದಿದ್ದು."

ಮೂರು ತಿಂಗಳ ಔಷಧಿ. ಪ್ರತಿ ಸಲ ಬಂದಾಗಲೂ ಮಧು ಅವಳ ಬಗ್ಗೆ ಒಂದೊಂದು ವಿಷಯ ಕೇಳಿ ತಿಳಿದುಕೊಂಡ. ನರಸೀಪುರದ ಬಸ್ ಕಂಡಕ್ಟರ್ ಮಗಳು. ಎಂಬಿಬಿಎಸ್, ಎಂ.ಡಿ., ಆಮೇಲೆ ಸಾಂಕ್ರಾಮಿಕ ರೋಗಗಳಲ್ಲೇ ಡಿ.ಎಂ. ಕೋವಿಡ್ ವಾರ್ಡಿನಲ್ಲಿ ತಿಂಗಳುಗಟ್ಟಲೆ ಮನೆ ಕಾಣದೆ ಕೆಲಸ. ನಿಶ್ಚಯವಾಗಿದ್ದ ಗಂಡು, ಟಿ.ಬಿ., ಎಚ್‌ಐವಿ ರೋಗಿಗಳನ್ನು ನೋಡುವುದು ಬಿಡಬೇಕೆಂದು ಹಟ ಹಿಡಿದಿದ್ದನಂತೆ.

"ಬಿಟ್ರಾ?"

"ಬಿಟ್ಟೆ. ಆ ಹುಡುಗನ್ನ."

ಮಧು ಜೋರಾಗಿ ನಕ್ಕ. ಅವಳು ಕೆನ್ನೆ ಕೆಂಪಾಗಿಸಿಕೊಂಡು ಫೈಲಿನ ಮೇಲೆ ಬಾಗಿದಳು.

ಔಷಧಿ ಮುಗಿಯಿತು. ಮಂಚಮ್ಮ ಮತ್ತೆ ಗದ್ದೆಯ ಬದುವಿನ ಮೇಲೆ ನಡೆದಾಡಿದರು. ಮಧುವಿನ ಮನಸ್ಸು ತಿಳಿದು ಮಂಚಮ್ಮನ ತಂಗಿ ನಾಗರತ್ನ ಮೂಗು ಮುರಿದಳು. "ಅಂಟುರೋಗ ನೋಡೋ ಎಣ್ಣು ಬ್ಯಾಡ ಕಣಕ್ಕ. ನಾಳೆ ಮನೆಗೇ ತಂದ್ರೆ?"

"ನಂಗೆ ರೋಗ ತಂದಿದ್ದು ನಮ್ಮನೆ ಹಸು ಕಣೇ! ಎದ್ದು ನಿಲ್ಸಿದ್ದು ಆ ಎಣ್ಣು. ಅಂಥೋಳು ನಮ್ಮನೆಗೆ ಬತ್ತೀನಿ ಅಂದ್ರೆ ನಾನು ಊರಿಗೆಲ್ಲ ಏಳ್ಕೊಂಡು ತಿರುಗ್ತೀನಿ."

ಮರುದಿನ ಬೆಳಿಗ್ಗೆ ಮಧು ಒಬ್ಬನೇ ಕ್ಲಿನಿಕ್ಕಿಗೆ ಬಂದ. ಹೇಮಲತಾ ಗಾಬರಿಯಿಂದ ಎದ್ದಳು. "ಅಮ್ಮನಿಗೆ ಮತ್ತೆ ಜ್ವರವಾ?"

"ಇಲ್ಲ. ಇವತ್ತು ಪೇಷೆಂಟ್ ಕಡೆಯವನಾಗಿ ಬಂದಿಲ್ಲ." ಅವನು ಕುರ್ಚಿ ಎಳೆದು ಕೂತ. "ನಿಮ್ಮ ಕೆಲಸದ ಬಗ್ಗೆ ನಂಗೆಷ್ಟು ಹೆಮ್ಮೆ ಅಂತ ದಿನಾ ಹೇಳೋ ಹಕ್ಕು ಬೇಕು. ಮದ್ವೆ ಆಗ್ತೀರಾ? ಆದ್ರೆ ಯೋಚ್ನೆ ಮಾಡಿ. ದಿನವಿಡೀ ಹಸು ಹೊಟ್ಟೆಯೊಳಗಿರೋ ಕೈ ಇದು."

ಅವಳು ತುಟಿ ಕಚ್ಚಿ ನಗು ತಡೆದಳು. "ಸೋಪು ಹಾಕಿ ತೊಳ್ಕೊಂಡಿದೀರಾ?"

"ಎರಡು ಸಲ."

"ಹಾಗಾದ್ರೆ ಕೊಡಿ," ಎಂದು ಹೇಮಲತಾ ಕೈ ಚಾಚಿದಳು.