ಐದರಲ್ಲಿ ನಾಲ್ಕನೆಯ ಕುರ್ಚಿ

ಯಶವಂತಪುರದ ರತ್ನವ್ವನ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಸದ್ದೆದ್ದರೆ ತುಮಕೂರು ರಸ್ತೆಯ ಲಾರಿಗಳು ಹಾರ್ನ್ ನಿಲ್ಲಿಸಿ ಕೇಳುತ್ತಿದ್ದವು. ಸುಳ್ಳೆನ್ನುವವರು ನಾಗಲಿಂಗಪ್ಪನನ್ನು ಕೇಳಲಿ. ಗದಗದಿಂದ ಗುಮಾಸ್ತನಾಗಿ ಬಂದ ಆತ ಅಲ್ಲಿ ಊಟಕ್ಕೆ ಕೂತವನು ಆಕೆಯ ಪತ್ತೇದಾರಿಕೆಗೂ ಜೊತೆಗಾರನಾಗಿಬಿಟ್ಟಿದ್ದ. ಬೆಂಗಳೂರಿನ ಅರ್ಧ ಕಳ್ಳರು ರತ್ನವ್ವನ ಹೆಸರು ಕೇಳಿ ಊರು ಬಿಟ್ಟಿದ್ದರು, ಉಳಿದರ್ಧ ನಾಗಲಿಂಗಪ್ಪನ ಹೆಸರು ಕೇಳಿ. ಈ ಎರಡನೆಯ ಅರ್ಧಕ್ಕೆ ನಾಗಲಿಂಗಪ್ಪನೊಬ್ಬನೇ ಸಾಕ್ಷಿ.

ಎಂಬತ್ತಮೂರರ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ಆರ್.ಟಿ. ನಗರದಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ತಾಜುದ್ದೀನ್ ಏದುಸಿರು ಬಿಡುತ್ತ ಬಂದ. ಪೊಲೀಸ್ ಎಸ್ಸೈ ಹಿಡಿದೆಳೆದ ಅಂಗಿಯ ಕಾಲರ್ ಹರಿದಿತ್ತು.

"ಅಕ್ಕಾ, ಸಾಯಂಕಾಲದೊಳಗೆ ನನ್ನ ಒಳಗೆ ಹಾಕ್ತಾರಂತೆ! ಗಂಗಾದೇವಿ ಮೇಡಂ ಮನೆಯ ಕುರ್ಚಿ ಚಿತ್ರ ಸುಟ್ಟಿದ್ದು ನಾನೇ ಅಂತೆ. ಇಂಥ ಹೆಸರು ಬಂದ್ಮೇಲೆ ಯಾರು ಮನೆಯೊಳಗೆ ಬಿಟ್ಕೊಳ್ತಾರೆ? ಅಂಗಡಿ ಮುಚ್ಚೋದೇ ಗತಿ."

"ಮೊದಲ ಕೂಡಪಾ. ಅರ್ಧ ರೊಟ್ಟಿ ತಿನ್ನು," ಎಂದಳು ರತ್ನವ್ವ. "ಹಸದ ಹೊಟ್ಟಿ ಸರಿಯಾಗಿ ಸಾಕ್ಷಿ ಹೇಳಂಗಿಲ್ಲ."

ನಾಗಲಿಂಗಪ್ಪನ ಸ್ಕೂಟರು ಮೂವರನ್ನೂ ಹೊತ್ತು ಅಟ್ಟೂರಿನತ್ತ ಹಾರಿತು. ಹೆಬ್ಬಾಳದ ಕೆರೆಯ ಕೊಕ್ಕರೆಗಳು ನಾಚಿಕೊಂಡು ನೀರಿಗಿಳಿದವೆಂದು ಅವನು ಇಂದಿಗೂ ಹೇಳುತ್ತಾನೆ.

ಗಂಗಾದೇವಿ ಕಾಲೇಜು ಅಧ್ಯಾಪಕಿ, ಒಂಟಿ ಹೆಂಗಸು. ಆಕೆಯ ಸಿರಿಯೆಲ್ಲ ಆ ಚಿತ್ರ. ದೊಡ್ಡದೊಂದು ಖಾಲಿ ಕುರ್ಚಿ, ಅದರ ಹಿಂದೆ ಲಾಠಿ ಹಿಡಿದ ಉಂಗುರದ ಕೈ, ಕೆಳಗೆ ನಜ್ಜುಗುಜ್ಜಾದ ಚಪ್ಪಲಿಗಳು, ಉಳಿದದ್ದೆಲ್ಲ ರಕ್ತಗೆಂಪು. ತುರ್ತುಪರಿಸ್ಥಿತಿ ಮುಗಿದ ವರ್ಷ ಅದನ್ನು ಮಾಡಿದ ಕಲಾವಿದ, ಬಟ್ಟೆಯ ಪರದೆಯ ಮೇಲಿಂದ ಬಣ್ಣ ಎಳೆದು ಐದೇ ಅಚ್ಚು ತೆಗೆದು, ಪೆನ್ಸಿಲಿನಲ್ಲಿ ಅಂಕಿ ಹಾಕಿ, ಪರದೆಯನ್ನು ಹರಿದುಹಾಕಿದ್ದ. ಆರನೆಯದು ಬ್ರಹ್ಮ ಬಂದರೂ ಆಗದು. ಮೂರು ಪರದೇಶ ಸೇರಿದ್ದವು. ನಾಲ್ಕನೆಯದು ಗಂಗಾದೇವಿಯದು. ಎರಡನೆಯದು ಹೆಬ್ಬಾಳದ ಅಪ್ಪಾಸಾಹೇಬನದು. ಅವನು ಕಾರ್ಖಾನೆಯ ದೊಡ್ಡ ಅಧಿಕಾರಿ, ಇಂಥ ಚಿತ್ರಗಳನ್ನು ಕೂಡಿಡುವ ಹುಚ್ಚ.

ಈಗ ಗೋಡೆಯ ಮೇಲೆ ಬರಿಯ ಕಟ್ಟು. ಗಾಜು ಒಡೆದಿರಲಿಲ್ಲ, ಹಿಂದಿನ ಮೊಳೆಗಳನ್ನು ನಾಜೂಕಾಗಿ ಕಿತ್ತಿದ್ದರು. ಬಚ್ಚಲ ಒಲೆಯಲ್ಲಿ ಬೂದಿ ಮತ್ತು ಸುಡದೆ ಉಳಿದ, ಚಿತ್ರದ ಮೇಲಿನದೊಂದು ಮೂಲೆ.

"ಇಷ್ಟು ನೀಟಾಗಿ ಮೊಳೆ ಕೀಳೋದು ಕಟ್ಟು ಹಾಕೋನೇ," ಎಂದರು ಎಸ್ಸೈ. "ಯಾರೋ ಹೇಳಿ ಮಾಡಿಸಿದ್ದಾರೆ."

ಎಲ್ಲರೂ ಬಾಗಿಲಲ್ಲಿ ನಿಂತಿದ್ದ ಬೈರಣ್ಣನನ್ನು ನೋಡಿದರು. ಅಟ್ಟೂರಿನ ಹಳೆಯ ಪಟೇಲ ಮನೆತನದವನು. ಬೆರಳಿನಲ್ಲಿ ಕಡಲೆಕಾಯಿ ಗಾತ್ರದ ಉಂಗುರ.

"ಏನ್ ಇಂಗ್ ನೋಡ್ತೀರಿ? ಆ ಕೈ ನಂದೇ ಅಂತ ಊರೆಲ್ಲ ಆಡ್ಕೊಳ್ತಾ ಇತ್ತು. ಸುಟ್ಟಾಕ್ತೀನಿ ಅಂತ ನಾನು ಓಟ್ಲಲ್ಲಿ ಅಂದಿದ್ದೂ ನಿಜ. ಆದ್ರೆ ನಾನು ಸುಡೋದಾದ್ರೆ ಮೊಳೆ ಕೀಳ್ತಾ ಕೂತ್ಕೋತೀನಾ? ಕಟ್ಟು ಸಮೇತ ಒಲೆಗ್ ಆಕ್ತೀನಿ!"

ನಾಗಲಿಂಗಪ್ಪ ಆಗಲೇ ಬೈರಣ್ಣನನ್ನು ಮನಸ್ಸಿನಲ್ಲೇ ಜೈಲಿಗೆ ಕಳಿಸಿದ್ದ. ಆ ದಿನ ಅವನು ಸಂಶಯಪಡದೆ ಬಿಟ್ಟಿದ್ದು ತನ್ನ ಸ್ಕೂಟರನ್ನು ಮಾತ್ರ.

"ಬೀಗದಕೈ ಎಲ್ಲಿಡ್ತೀರಿ?" ಎಂದು ರತ್ನವ್ವ ಕೇಳಿದಳು.

"ಮೀಟರ್ ಬಾಕ್ಸಿನ ಮೇಲೆ, ರತ್ನವ್ವಾ. ಬಂದುಹೋಗೋರಿಗೆಲ್ಲ ಗೊತ್ತು," ಎಂದು ಗಂಗಾದೇವಿ ಕಣ್ಣೊರೆಸಿಕೊಂಡಳು. "ಬಿಸಿಲು ತಾಗಬಾರದು ಅಂತ ಕಿಟಕಿ ಸಹ ತೆರೀತಿರಲಿಲ್ಲ ನಾನು."

"ಹುಳ ಬೀಳಬಾರದು ಅಂತ ನಾನೂ ಹಿಟ್ಟಿನ ಅಂಟಿಗೆ ಮೈಲುತುತ್ತ ಕಲಸಿ ಚಿತ್ರದ ಬೆನ್ನಿನ ನಾಲ್ಕೂ ಮೂಲೆಗೆ ಹಚ್ಚಿದ್ದೆ," ಎಂದು ತಾಜುದ್ದೀನ್ ಗೊಣಗಿದ. "ಹಂಗೆ ಕಾಪಾಡಿದೋನು ಸುಡ್ತೀನಾ?"

ಸಾಂತ್ವನಕ್ಕೆ ಬಂದಿದ್ದ ಅಪ್ಪಾಸಾಹೇಬ ನಕ್ಕ. "ಹಿಟ್ಟು ಕಲಸೋರ ಕೈಗೆ ಕಲೆ ಕೊಟ್ಟರ ಹಿಂಗ ಆಗೂದು. ನನ್ನ ಚಿತ್ರಕ್ಕ ಮುಂಬಯಿಯೊಳಗ ಕಟ್ಟು ಹಾಕ್ಸೀನಿ. ಈ ತಾಜುದ್ದೀನ್ ಅದನ್ನ ಮುಟ್ಟೇ ಇಲ್ಲ. ನಾಡಿದ್ದು ಮುಂಬಯಿಯವರು ನೋಡಾಕ ಬರಾಕತ್ತಾರ."

"ಎಲ್ಲಿ ತೂಗಹಾಕೀರಿ, ಸಾಹೇಬ್ರ?" ಎಂದಳು ರತ್ನವ್ವ.

"ಪಡಸಾಲ್ಯಾಗ, ದೊಡ್ಡ ಕಿಟಕಿ ಎದುರಿಗೆ. ಬಂದವ್ರಿಗೆ ಮೊದಲು ಅದೇ ಕಾಣ್ಬೇಕು."

ರತ್ನವ್ವ ಸುಟ್ಟ ಮೂಲೆಯನ್ನು ಮೂಗಿಗೆ ಹಿಡಿದಳು, ಅದರ ಬೆನ್ನು ತಿರುಗಿಸಿ ನೋಡಿದಳು, ಸೆರಗಿನಲ್ಲಿ ಕಟ್ಟಿಕೊಂಡಳು. "ಹಂಗಾರ ಚಹಾ ನಿಮ್ಮ ಮನಿಯಾಗ. ಎಲ್ಲಾರೂ ನಡೀರಿ."

ಹೆಬ್ಬಾಳದ ಪಡಸಾಲೆಯಲ್ಲಿ ಸಂಜೆಬಿಸಿಲು ನೇರ ಚಿತ್ರದ ಮೇಲೆ ಬಿದ್ದಿತ್ತು. ಕೆಂಪು ಆಗ ತಾನೇ ಹರಿದ ನೆತ್ತರಿನಂತೆ ಹೊಳೆಯುತ್ತಿತ್ತು.

ರತ್ನವ್ವ ಸೆರಗಿನ ಗಂಟು ಬಿಚ್ಚಿದಳು. "ಇದನ್ನ ನೋಡ್ರಿ. ಅಂಚಿನ ಪಟ್ಟಿ ಅಚ್ಚಗೆಂಪು, ಅದರ ಒಳಗ ತೊಳೆದ ಗುಲಾಬಿ. ನಡುವ ನೆಟ್ಟಗೊಂದು ಗೆರಿ."

"ಬೆಂಕಿ ಬಿಸಿಗೆ ಆಗಿದ್ದು," ಎಂದ ಅಪ್ಪಾಸಾಹೇಬ.

"ನಾ ಹುಟ್ಟಿದಾಗಿಂದ ಒಲಿ ಮುಂದ ಕೂತಾಕಿ. ಬೆಂಕಿ ಕರ್ರಗ ಮಾಡತೈತಿ, ಕೆಂಪನ್ನ ಗುಲಾಬಿ ಮಾಡಂಗಿಲ್ಲ, ಗೆರಿ ಹಾಕಿ ಸುಡಂಗೂ ಇಲ್ಲ. ಇದು ವರ್ಷಗಟ್ಟಲೆ ಬಿಸಿಲುಂಡ ಚಿತ್ರ. ಕಟ್ಟಿನ ಅಂಚು ಮುಚ್ಚಿದ್ದಷ್ಟ ಉಳದೈತಿ. ಗಂಗಾದೇವಿ ಕಿಟಕೀನ ತೆರಿಯಂಗಿಲ್ಲ. ಅಂದಮ್ಯಾಲೆ ಒಲ್ಯಾಗ ಸುಟ್ಟಿದ್ದು ಆಕೀ ಚಿತ್ರ ಅಲ್ಲ!"

ನಾಗಲಿಂಗಪ್ಪನ ಬಾಯಿ ಎಷ್ಟು ಅಗಲ ತೆರೆಯಿತೆಂದರೆ ಬಿ.ಟಿ.ಎಸ್. ಬಸ್ಸೊಂದು ಅದರೊಳಗೆ ತಿರುಗಿಸಿಕೊಂಡು ಹೋಗಬಹುದಿತ್ತು.

"ಈ ಬಿಸಿಲಿನಾಗ ಇಷ್ಟು ವರ್ಷ ತೂಗಿದ್ದು ಇಷ್ಟು ಕೆಂಪಗ ಹೆಂಗುಳೀತು, ಸಾಹೇಬ್ರ?"

"ಅಂಕಿ ನೋಡ್ರಿ!" ಅಪ್ಪಾಸಾಹೇಬ ಗುಡುಗಿದ. "ಎರಡು! ಗಂಗಾದೇವಿದು ನಾಲ್ಕು."

"ಪೆನ್ಸಿಲ್ಲಿನ ಅಂಕಿಗೆ ರಬ್ಬರ್ ಸಿಗಂಗಿಲ್ಲೇನು? ತಾಜುದ್ದೀನ್, ಕಟ್ಟಿನ ಬೆನ್ನು ಬಿಚ್ಚಪಾ."

ತಾಜುದ್ದೀನ್ ಮೊಳೆಗಳನ್ನು ಕಿತ್ತ, ಒಂದೂ ಬಾಗಲಿಲ್ಲ. ಚಿತ್ರದ ಬೆನ್ನಿಗೆ ನಾಲ್ಕೂ ಮೂಲೆಯಲ್ಲಿ ಅಂಟು ಕೆರೆದ ಗುರುತು. ಅಂಟು ಹೋಗಿತ್ತು, ಮೈಲುತುತ್ತದ ನೀಲಿ ಕಲೆ ಹೋಗಿರಲಿಲ್ಲ.

"ತಾಜುದ್ದೀನ್ ಮುಟ್ಟೇ ಇಲ್ಲ ಅಂದ್ರಿ. ಮತ್ತ ಅವನ ನೀಲಿ ಇಲ್ಲಿ ಹೆಂಗ ಬಂತು? ಈ ಸುಟ್ಟ ಮೂಲಿ ಬೆನ್ನು ನೋಡ್ರಿ, ಹಾಲಿನಂಗ ಬೆಳ್ಳಗೈತಿ. ಬಿಸಿಲಿಗೆ ಬಿಳಚಿದ ನಿಮ್ಮ ಚಿತ್ರ ಮುಂಬಯಿಯವರಿಗೆ ತೋರ್ಸಾಕ ನಾಚಿಕಿ ಬಂತು. ಪರದೆ ಹರದೈತಿ, ಹೊಸಾದು ಸಿಗಂಗಿಲ್ಲ. ಮೀಟರ್ ಬಾಕ್ಸಿನ ಮ್ಯಾಲಿನ ಕೀಲಿಕೈ ನಿಮಗೂ ಗೊತ್ತು. ಆಕೀದನ್ನ ತಂದ್ರಿ, ನಿಮ್ಮದನ್ನ ಆಕೀ ಒಲ್ಯಾಗ ಸುಟ್ಟು, ಗುರುತಿಗೆ ಅಂತ ಮೂಲಿ ಉಳಿಸಿದ್ರಿ. ಸುಡತೀನಿ ಅಂತ ಬಾಯಿಬಿಟ್ಟ ಬೈರಣ್ಣ ಇದ್ದಾನ, ಕಟ್ಟು ಹಾಕೋ ಬಡವ ಇದ್ದಾನ. ಹಾಳು ಮಾಡೂ ಮಂದಿ ಮೊಳಿ ಕೀಳಂಗಿಲ್ರೀ. ಬೇಕಾದವರು ಕೀಳತಾರ."

ಅಪ್ಪಾಸಾಹೇಬ ಕುರ್ಚಿಗೆ ಕುಸಿದ. ಎಸ್ಸೈ ಬಾಗಿ, "ಸಾರ್, ನೀರು ಕುಡಿತೀರಾ? ಆಮೇಲೆ ನಿಧಾನಕ್ಕೆ ಸ್ಟೇಷನ್ನಿಗೆ..." ಎಂದರು.

"ಯಾಕ್ರೀ," ಎಂದಳು ರತ್ನವ್ವ, "ಈ ಅಂಗಿಗೆ ಕಾಲರ್ ಇಲ್ಲೇನು?"

ಎಸ್ಸೈ ಕಿವಿಯವರೆಗೂ ಕೆಂಪಾದರು. ಬೈರಣ್ಣ ಚಿತ್ರದೊಳಗಿನ ಕೈಯನ್ನೂ, ಕುರ್ಚಿಯ ಕೈ ಹಿಡಿದು ಕೂತಿದ್ದ ಅಪ್ಪಾಸಾಹೇಬನ ಬೆರಳಿನ ಉಂಗುರವನ್ನೂ ನೋಡಿ, ಮೆಲ್ಲಗೆ ತನ್ನ ಕೈಯನ್ನು ಜೇಬಿಗೆ ಹಾಕಿಕೊಂಡ.

ಗಂಗಾದೇವಿ ಚಿತ್ರವನ್ನು ತಾನೇ ಒಯ್ಯಲಿಲ್ಲ. ಎಲ್ಲರೆದುರು ತಾಜುದ್ದೀನನ ಕೈಗಿತ್ತಳು. "ನೀವೇ ಕಟ್ಟು ಹಾಕಿಕೊಡಿ."

ತಾಜುದ್ದೀನ್ ಹರಿದ ಕಾಲರನ್ನು ಸರಿಮಾಡಿಕೊಂಡ.

"ಹಾಕ್ಕೊಡ್ತೀನಿ ಮೇಡಂ. ಈ ಸಲ ಮೈಲುತುತ್ತ ಜಾಸ್ತಿ ಹಾಕ್ತೀನಿ. ಹುಳಗಳು ದೊಡ್ಡದಾಗಿ ಬೆಳೀತಿವೆ."