ಗಾದೆಮ್ಮನಿಗೆ ತಿಳಿಯಬೇಕಾದ ಪುಸ್ತಕ

ಶನಿವಾರ ಸಂಜೆ ಗಾದೆಮ್ಮನ ಮನೆಯಿಂದ ಓಬಳೇಶ ಹೊರಗೆ ಬಂದ. ಎದುರಿಗೆ ಹಂಪಮ್ಮ!

ಅವನ ಕೈ ತಟ್ಟನೆ ಬೆನ್ನ ಹಿಂದೆ ಹೋಯಿತು. ಆದರೂ ಪುಸ್ತಕದ ನೀಲಿ ರಟ್ಟು ಅವಳ ಕಣ್ಣಿಗೆ ಬಿದ್ದೇ ಬಿಟ್ಟಿತು. ಅದು ತಾನು ಕೊಟ್ಟ ಪುಸ್ತಕ...

"ಇಲ್ಲೇನ್ ಕೆಲಸ ನಿಮಗ?"

"ಸುಮ್ನ... ಮಾತಾಡ್ಸಾಕ ಬಂದಿದ್ದೆ, ಟೀಚರ್."

"ಪುಸ್ತಕ ಹಿಡ್ಕಂಡು?"

ಓಬಳೇಶ ಸೈಕಲ್ ಹತ್ತಿದ. ಒಳಗೆ ಗಾದೆಮ್ಮ ನಗುವುದು ಕೇಳಿಸಿತು.

ಅದು ಎಂಬತ್ತನಾಲ್ಕನೇ ಇಸವಿ. ಕಾನಹೊಸಹಳ್ಳಿಯ ಶಾಲೆಯ ಜಗುಲಿಯಲ್ಲಿ ಭಾನುವಾರಕ್ಕೊಮ್ಮೆ ಓದುಗರ ಕೂಟ ಸೇರುತ್ತಿತ್ತು. ಟೀಚರ್ ಹಂಪಮ್ಮ, ಅಂಚೆ ಗುಮಾಸ್ತ ಓಬಳೇಶ ಇಬ್ಬರೂ ಸೇರಿ ಕಟ್ಟಿದ ಕೂಟ. ಬಳ್ಳಾರಿಯಿಂದ ತರಿಸಿದ ವಿಜ್ಞಾನದ ಪುಸ್ತಕಗಳಲ್ಲಿ ಓದುವುದನ್ನು ಆರಿಸಲು ಅವರದೇ ಒಂದು ಕಟ್ಟಳೆ ಇತ್ತು. ಮೊದಲು ಎರಡು ಪುಟ ಓದಬೇಕು. ಅಕ್ಷರ ಬಾರದ ಗಾದೆಮ್ಮ ಅದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳಬೇಕು. "ನಂಗ ತಿಳೀಲಿಲ್ಲಪ್ಪ" ಅಂದಳೋ, ಎಂಥ ಪಂಡಿತರ ಪುಸ್ತಕವಾದರೂ ವಾಪಸ್. ನಕ್ಷತ್ರಗಳ ಪುಸ್ತಕ ಹೀಗೇ ಬಸ್ಸು ಹತ್ತಿತ್ತು. ಹಾವುಗಳದ್ದು ಉಳಿದಿತ್ತು.

ಈ ಸಲ ಹಂಪಮ್ಮ ಆರಿಸಿದ್ದು ಹುಟ್ಟಿನ ಪುಸ್ತಕ. ಹೊಟ್ಟೆಯೊಳಗಿನ ಕೂಸು ಗಂಡೋ ಹೆಣ್ಣೋ ಎನ್ನುವುದು ತಂದೆಯ ಬೀಜದಿಂದಲೇ ಹೊರತು ತಾಯಿಯಿಂದಲ್ಲ ಎಂದು ಅದರಲ್ಲಿ ಬರೆದಿತ್ತು. ಹಂಪಮ್ಮನ ಅಕ್ಕ ಗಿಡ್ಡಮ್ಮ ಇದೇ ಗಾದೆಮ್ಮನ ಸೊಸೆ. ಮೂರನೆಯದೂ ಹೆಣ್ಣಾಯಿತೆಂದು, ಬಾಣಂತನಕ್ಕೆ ತವರಿಗೆ ಬಂದವಳನ್ನು ಕರೆಯಲು ಯಾರೂ ಬಂದಿರಲಿಲ್ಲ. ಗಾದೆಮ್ಮನ ಮಗ, ಗಿಡ್ಡಮ್ಮನ ಗಂಡ ಹುಲುಗಣ್ಣನಿಗೆ ತಂಬ್ರಹಳ್ಳಿಯಲ್ಲಿ ಎರಡನೇ ಹೆಣ್ಣು ನೋಡಿದ್ದರು.

ಪುಸ್ತಕ ಗೆದ್ದರೆ ಅಕ್ಕನ ಬಾಳು ಉಳಿದೀತು. ಸೋತರೆ...

'ಮೂರು ದಿನ ಕೊಡ್ರಿ, ಓದಿ ಕೊಡ್ತೀನಿ ಅಂದಿದ್ದು ಇದಕ್ಕಾ? ತಿಳೀಲಿಲ್ಲ ಅನ್ನು ಅಂತ ಮೊದಲೇ ಹೋಗಿ ಮುದುಕಿಯ ಕಿವಿ ಊದಿ ಬಂದನಾ?'

ಆರು ತಿಂಗಳಿಂದ ಅವನ ಸೈಕಲ್ಲಿನ ಸದ್ದಿಗೆ ಕಾಯುತ್ತಿದ್ದ ತನ್ನ ಮೇಲೇ ಅವಳಿಗೆ ಸಿಟ್ಟು ಬಂತು. ಹೌದು, ಅವನೆಂದರೆ ಅವಳಿಗೆ ಇಷ್ಟ. ಅದಕ್ಕೇ ಉರಿ ಹೆಚ್ಚು.

ಭಾನುವಾರ ಓಬಳೇಶ ಓದತೊಡಗಿದ. ಹಂಪಮ್ಮ ಅವನ ತುಟಿಯನ್ನೇ ನೋಡುತ್ತಾ ಕೂತಳು. ಸಾಲು ಹಾರಿಸುತ್ತಾನಾ? ದನಿ ನುಂಗುತ್ತಾನಾ? ಅವನು ಒಂದಕ್ಷರವನ್ನೂ ಬಿಡಲಿಲ್ಲ. 'ಯಾಕೆ ಬಿಡ್ತಾನೆ... ಮಾಡೋ ಕೆಲಸ ನಿನ್ನೆಯೇ ಮುಗಿಸಿದ್ದಾನಲ್ಲ' ಎಂದುಕೊಂಡಳು.

ಓದು ಮುಗಿಯಿತು.

"ತಿಳೀತೇನಬೇ?" ಓಬಳೇಶ ಕೇಳಿದ.

"ಸಜ್ಜಿ ಬಿತ್ತಿ, ಜ್ವಾಳ ಬರ್ಲಿಲ್ಲ ಅಂತ ಹೊಲಾನ ಬೈದಂಗಾತು. ಹೌದಿಲ್ಲೋ?" ಅಂದಳು ಮುದುಕಿ. "ನಾನು ಮೊದಲು ನಾಕು ಹೆಣ್ಣು ಹಡದೆ. ನಾಕು ಸಾರಿನೂ ನನ್ನ ಗಂಡ ನನ್ನ ಹೊರಗ ಹಾಕಿದ. ನಾನೂ ನನ್ನ ಹೊಟ್ಟೀನ ಬೈಕಂಡೆ... ಈ ಪುಸ್ತಕ ಆವಾಗ ಎಲ್ಲಿ ಹೋಗಿತ್ತಲೇ?"

ಗಾದೆಮ್ಮ ಸೆರಗಿನಿಂದ ಮೂಗು ಒರೆಸಿಕೊಂಡು ಹಂಪಮ್ಮನತ್ತ ತಿರುಗಿದಳು.

"ಪುಸ್ತಕ ಇರ್ಲಿ. ನಾಳಿ ನಾನಾ ನಿಮ್ಮನಿಗಿ ಬರ್ತೀನಿ. ನಿಮ್ಮಕ್ಕಗ ಬಟ್ಟಿ ಕಟ್ಟಿಕ್ಯಣಾಕ ಹೇಳು."

ಎಲ್ಲರೂ ಹೋದ ಮೇಲೆ ಹಂಪಮ್ಮ ಓಬಳೇಶನ ಎದುರು ನಿಂತಳು.

"ಅಲ್ಲಿ ಏನ್ ಮಾಡಿದ್ರಿ?"

"ಓದಿದೆ. ಮೂರು ಸಂಜಿ. ಮೊದಲ್ನೇ ಸಂಜಿ ಪುಸ್ತಕ ಕಸಗಂಡು ಒಗದ್ಲು. ಇಲ್ಲಿ ಮಂದಿ ಮುಂದ ಮೊದಲು ಕೇಳಿದ್ರ, ಮಾನ ಹೋತು ಅಂತ ಎದ್ದು ಹೋಗ್ತಿದ್ಲು."

"ನನಗ್ಯಾಕ ಹೇಳ್ಲಿಲ್ಲ?"

"ಆಕಿ ಒಪ್ಪದಿದ್ರ ನೀವು ಜಗಳಕ್ಕ ಹೋಗ್ತಿದ್ರಿ. ನಿಮ್ಮಕ್ಕ ಆ ಮನ್ಯಾಗ ಬಾಳಬೇಕಲ್ರಿ... ಸಿಟ್ಟು ನನ್ನ ಮ್ಯಾಲೆ ಇದ್ರ ಇರ್ಲಿ ಅಂತ ಬಿಟ್ಟೆ."

ಹಂಪಮ್ಮನ ಕಣ್ಣು ತುಂಬಿ ಬಂತು. ಇಂಥವನನ್ನು ಅನುಮಾನಿಸಿದೆನಲ್ಲ!

"ನಿಮ್ಮನ್ನ ಮೋಸಗಾರ ಅಂದ್ಕಂಡಿದ್ದೆ."

"ಗೊತ್ತಾತು. ಓದುವಾಗ ನನ್ನ ಬಾಯೀನ ನೋಡ್ತಿದ್ರಿ."

ಅವಳಿಗೆ ಅಳುವಿನ ನಡುವೆಯೇ ನಗು ಬಂತು. "ನಿನ್ನಿ ಆಕಿ ಯಾಕ ನಕ್ಕಿದ್ದು?"

ಓಬಳೇಶ ನೆಲ ನೋಡಿದ. "ಸೊಸಿ ಸಲುವಾಗಿ ಬಂದೀಯೋ, ಸೊಸಿ ತಂಗಿ ಸಲುವಾಗಿ ಬಂದೀಯೋ ಅಂತ ಕೇಳಿದ್ಲು."

"ನೀವೇನಂದ್ರಿ?"

"ಇಬ್ಬರ ಸಲುವಾಗಿ ಅಂದೆ."

ಹಂಪಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ನಾಳಿ ಆಕಿ ಜೋಡಿ ನೀವೂ ಬರ್ರಿ," ಅಂದಳು. "ಅಪ್ಪ ಮನ್ಯಾಗ ಇರ್ತಾನ."

"ನಾನು... ಏನಂತ ಬರ್ಲಿ?"

"ಬರ್ರಿ ಸಾಕು. ಅಪ್ಪಗ ನಾನಾ ಹೇಳ್ತೀನಿ."